ಆಮೆಗೆ ಸಿಕ್ಕ ರಾಜೋಪಚಾರ

ಸಿಂಗನಕೋಟೆಯ ದೊರೆ ಪ್ರಚಂಡರಾಯರಿಗೆ ಒಬ್ಬ ಪಾಳೆಯಗಾರ ಕಪ್ಪಕಾಣಿಕೆಯ ಜೊತೆ ಒಂದು ನೆಲದಾಮೆಯನ್ನು ಕಳಿಸಿದ್ದ. ಚಿಪ್ಪಿನ ತುಂಬ ನಕ್ಷತ್ರ ಬಿಡಿಸಿದಂಥ ಹಳದಿ ಗೆರೆಗಳು. ಮಹಾರಾಜರಿಗೆ ಅದರ ಮೇಲೆ ಎಲ್ಲಿಲ್ಲದ ಮುದ್ದು ಬಂತು. ಆಮೆಯ ಕಷ್ಟ ಶುರುವಾದದ್ದು ಅಲ್ಲಿಂದಲೇ.

"ಇಂಥ ಉಪಚಾರ ಭೂಮಂಡಲದ ಯಾವ ಆಮೆಗೂ ಸಿಕ್ಕಿಲ್ಲ," ಎಂದು ಅವರು ತುಂಬಿದ ಸಭೆಯಲ್ಲಿ ಹೇಳಿಕೊಂಡರು.

ಮಾತೇನೋ ಸುಳ್ಳಲ್ಲ. ಕಾಲೂರಿದರೆ ಜಾರುವ, ಎಣ್ಣೆ ಹಾಕಿ ತಿಕ್ಕಿದ ಅಮೃತಶಿಲೆಯ ನೆಲದಲ್ಲಿ ಅದಕ್ಕೆ ಬಿಡಾರ. ಹುಲ್ಲು ಮೇಯುವ ಪ್ರಾಣಿಗೆ ಮೂರು ಹೊತ್ತೂ ಹಾಲುಪಾಯಸ. ಬೆಳಗಾದರೆ ಪನ್ನೀರಿನ ಕೊಪ್ಪರಿಗೆಯಲ್ಲಿ ಮುಳುಗಿಸಿ ಸ್ನಾನ. ನೆಲದಾಮೆಗೆ ಈಜು ಬರುವುದಿಲ್ಲವೆಂದು ದೊರೆಗೆ ಹೇಳಲು ಯಾರಿಗೂ ಬಾಯಿ ಬರಲಿಲ್ಲ. ಬೆನ್ನಿಗೆ ಅರಗು ಹಾಕಿ ಅಂಟಿಸಿದ ರತ್ನಗಳ ಭಾರ. ಮಹಾರಾಜರು ನೋಡಲು ಬರುವಾಗ ಮುಂದೆ ನಗಾರಿ, ಹಿಂದೆ ಕಹಳೆ. ಅರಮನೆಗೆ ಬಂದ ಅತಿಥಿಗಳಿಗೆಲ್ಲ ಅದನ್ನು ಮಗುಚಿ ಹೊಟ್ಟೆ ತೋರಿಸುವುದು ಬೇರೆ.

ಆಮೆ ತಲೆ ಒಳಗೆಳೆದುಕೊಂಡಿತು. ಹದಿನೈದು ದಿನವಾದರೂ ದೊರೆಯ ಎದುರು ಹೊರಗೆ ಹಾಕಲಿಲ್ಲ.

ಒಂದು ಬೆಳಿಗ್ಗೆ ಮಹಾರಾಜರು ಉಪ್ಪರಿಗೆಯಿಂದ ಬಗ್ಗಿ ನೋಡಿದರೆ, ಆಮೆ ಹೂದೋಟದ ಮಣ್ಣಿನಲ್ಲಿದೆ. ಕತ್ತು ಉದ್ದಕ್ಕೆ ಚಾಚಿ ತೋಟದ ಮುದುಕಿ ಕೆಂಚವ್ವನ ಕೈಯಿಂದ ದಾಸವಾಳ ತಿನ್ನುತ್ತಿದೆ.

ಕೆಂಚವ್ವನನ್ನು ಸಭೆಗೆ ಎಳೆತಂದರು.

"ದೊರೆಗೆ ತೋರಿಸದ ಮುಖ ನಿನಗೆ ತೋರಿಸಿತೇ? ಏನು ಮಾಟ ಮಾಡಿದೆ?"

"ಏನೂ ಮಾಡಿಲ್ಲ ಬುದ್ಧಿ. ಉಪವಾಸ ಸಾಯ್ತಿತ್ತು. ಮಣ್ಣಿನ ಮೇಲೆ ಬಿಟ್ಟೆ, ಸೊಪ್ಪು ಹಾಕ್ದೆ, ಸುಮ್ಕೆ ಕುಂತಿದ್ದೆ. ಅಷ್ಟೇಯ."

"ಸುಮ್ಮನೆ ಕುಳಿತವರನ್ನು ಯಾರಾದರೂ ಮೆಚ್ಚುತ್ತಾರೆಯೇ? ನಾಳೆ ಸಂಜೆಯೊಳಗೆ ಆಮೆ ತಲೆ ಹೊರಹಾಕಿ ನನಗೆ ವಂದಿಸಬೇಕು. ಇಲ್ಲದಿದ್ದರೆ ನೀನು ಗಡಿಪಾರು."

ಕೆಂಚವ್ವ ನಲವತ್ತು ವರ್ಷ ಆ ತೋಟದಲ್ಲೇ ಬದುಕಿದವಳು, ಬೇರೆ ನೆಲೆ ಇರಲಿಲ್ಲ. ಅವಳ ಕಣ್ಣು ತುಂಬಿತು. ಸಭಾಸದರು ಎಂದಿನಂತೆ ತಲೆಯಾಡಿಸಿದರು. ಆಡಿಸದವನು ವಿದೂಷಕ ಬೈಚಪ್ಪ ಒಬ್ಬನೇ.

"ಪ್ರಭು, ನನಗೆ ಸಿಟ್ಟು ಬಂದಿರುವುದು ಮುದುಕಿಯ ಮೇಲಲ್ಲ," ಎಂದ.

"ಮತ್ತೆ?"

"ನಮ್ಮೆಲ್ಲರ ಮೇಲೆ. ಆಮೆಗೆ ಇಷ್ಟೆಲ್ಲ ಉಪಚಾರ ನಡೆದಿದೆ, ತಮಗೇನಿದೆ? ತಮ್ಮ ಕೋಣೆಯ ನೆಲಕ್ಕೆ ಎಣ್ಣೆ ತಿಕ್ಕಿದವರುಂಟೇ? ತಮ್ಮ ಕಿವಿಯ ಬುಡದಲ್ಲಿ ನಗಾರಿ ಬಾರಿಸಿದವರುಂಟೇ? ನೆರೆರಾಜ್ಯದವರು ಏನೆಂದುಕೊಂಡಾರು? ಸಿಂಗನಕೋಟೆಯಲ್ಲಿ ಆಮೆಯೇ ದೊರೆ, ದೊರೆ ಮಾಮೂಲು ಮನುಷ್ಯ."

ಮಹಾರಾಜರು ಗಂಭೀರರಾದರು. ಇದು ಅವರಿಗೆ ಹೊಳೆದೇ ಇರಲಿಲ್ಲ.

"ನಾಳೆ ಒಂದು ದಿನ ತಮಗೂ ಅದೇ ಉಪಚಾರವಾಗಲಿ. ಒಂದನ್ನೂ ಬಿಡಬಾರದು, ನಡುವೆ ನಿಲ್ಲಿಸಲೂಬಾರದು. ಸಂಜೆಗೆ ಇವಳ ವಿಚಾರಣೆ ಮುಗಿಸೋಣ."

"ಆಗಲಿ," ಎಂದು ಮಹಾರಾಜರು ಅಪ್ಪಣೆಗೆ ಮುದ್ರೆ ಒತ್ತಿದರು.

ಮರುದಿನ ಬೆಳಿಗ್ಗೆ ಮಹಾರಾಜರು ಹಾಸಿಗೆಯಿಂದ ಎಣ್ಣೆ ತಿಕ್ಕಿದ ನೆಲಕ್ಕೆ ಕಾಲಿಟ್ಟ ಕೂಡಲೇ ಒಮ್ಮೆ ಜಾರಿದರು, ಎದ್ದು ಮತ್ತೊಮ್ಮೆ ಜಾರಿದರು. ಈಜು ಅವರಿಗೂ ಬರುತ್ತಿರಲಿಲ್ಲ, ಪನ್ನೀರು ಮೂಗಿಗೆ ಹೋಯಿತು. ಮೈಮೇಲೆ ರತ್ನ ಹೊಲಿದ ನಿಲುವಂಗಿ ಹೇರಿದರು, ಅದು ಎತ್ತಿನ ಗಾಡಿಗೂ ಭಾರ. ಕಿವಿಯ ಪಕ್ಕದಲ್ಲಿ ನಗಾರಿ ಶುರುವಾಯಿತು.

ಊಟಕ್ಕೆ ಚಿನ್ನದ ಹರಿವಾಣದಲ್ಲಿ ಒಂದು ಕಂತೆ ಗರಿಕೆ ಬಂತು.

"ಇದೇನಯ್ಯ? ಆಮೆಗೆ ಪಾಯಸ ತಾನೇ?"

"ಹೌದು ಪ್ರಭು," ಎಂದ ಬೈಚಪ್ಪ. " ಹುಲ್ಲು ತಿನ್ನುವವರಿಗೆ ಪಾಯಸ, ಪಾಯಸ ತಿನ್ನುವವರಿಗೆ ಹುಲ್ಲು. ಅರಮನೆಯ ಪದ್ಧತಿ ತಾವೇ ಹಾಕಿಕೊಟ್ಟದ್ದು."

ಮಧ್ಯಾಹ್ನ ನೆರೆರಾಜ್ಯದ ಅತಿಥಿಗಳು ಬಂದರು. ದೊರೆಯನ್ನು ಎತ್ತಿ ಮಗುಚಲು ನಾಲ್ವರು ಜಟ್ಟಿಗಳೂ ಬಂದರು. ಅವರನ್ನು ಕಂಡದ್ದೇ ತಡ, ಮಹಾರಾಜರು ಮೂಲೆಗೆ ಸರಿದು ಕೈಕಾಲು ಮುದುಡಿ, ತಲೆಯನ್ನು ನಿಲುವಂಗಿಯೊಳಗೆ ಎಳೆದುಕೊಂಡುಬಿಟ್ಟರು.

"ಪ್ರಭು, ತಲೆ ಹೊರಗೆ ಹಾಕಿ," ಎಂದ ಬೈಚಪ್ಪ.

"ಹಾಕುವುದಿಲ್ಲ."

"ಇಷ್ಟು ಮುದ್ದು ಮಾಡುವವರಿಗೆ ಮುಖ ತೋರಿಸದಿದ್ದರೆ ಹೇಗೆ? ಯಾರೋ ಮಾಟ ಮಾಡಿದ್ದಾರೆ. ಯಾರನ್ನು ಗಡಿಪಾರು ಮಾಡಲಿ?"

ನಿಲುವಂಗಿ ಇನ್ನಷ್ಟು ಮುದುಡಿಕೊಂಡಿತು.

"ಮೊದಲು ಆ ನಗಾರಿಯವನನ್ನು," ಎಂದಿತು ನಿಲುವಂಗಿ. "ಆಮೇಲೆ ಕೆಂಚವ್ವನನ್ನು ಕರೆಸು. ಶಿಕ್ಷೆಗಲ್ಲ. ಆ ಆಮೆಗೆ ಏನು ಬೇಕೋ ಕೇಳೋಣ."

ಕೆಂಚವ್ವ ಬಂದು ಹೇಳಿದಳು: "ಒಣ ಮಣ್ಣು ಬೇಕು ಬುದ್ಧಿ. ಬಿಸಿಲು ಬೇಕು, ಮಗ್ಗುಲಲ್ಲೇ ನೆರಳೂ ಬೇಕು. ಹುಲ್ಲು, ಸೊಪ್ಪು. ಅಗಲದ ತಟ್ಟೇಲಿ ಪಾದ ನೆನೆಯೋವಷ್ಟು ನೀರು. ಸುಮ್ ಸುಮ್ಕೆ ಎತ್ತಾಡ್ಬಾರ್ದು. ಇನ್ನೇನೂ ಇಲ್ಲ."

ಅದೇ ದಿನ ಅವಳು ಆಮೆಯ ಬೆನ್ನಿನ ರತ್ನಗಳನ್ನು ನಿಧಾನವಾಗಿ ಬಿಡಿಸಿದಳು. ತೋಟದ ಒಂದು ಮೂಲೆಗೆ ಬೇಲಿ ಬಿತ್ತು. ಆ ಬೇಲಿಯೊಳಗೆ ಕೆಂಚವ್ವನ ಮಾತೇ ಅಪ್ಪಣೆಯೆಂದು ಮಹಾರಾಜರು ಆಜ್ಞೆ ಹೊರಡಿಸಿದರು. ಬೈಚಪ್ಪನಿಗೆ ರತ್ನದ ನಿಲುವಂಗಿಯನ್ನೇ ಬಹುಮಾನವಾಗಿ ಕೊಡಹೋದರು.

"ನಾನೇನು ತಪ್ಪು ಮಾಡಿದೆ ಪ್ರಭು?" ಎಂದು ಅವನು ಕೈಮುಗಿದ.

ಅಂದಿನಿಂದ ಮಹಾರಾಜರು ಕಿರೀಟ ತೆಗೆದಿಟ್ಟು, ದಿನವೂ ಒಂದು ದಾಸವಾಳ ಹಿಡಿದು ಆಮೆಯ ಮುಂದೆ ಕೂರತೊಡಗಿದರು. ಆಮೆ ಕೆಂಚವ್ವನಿಗೆ ಮುಖ ತೋರಿಸಿತು, ಬೈಚಪ್ಪನಿಗೆ ತೋರಿಸಿತು, ಅಡುಗೆಮನೆಯ ಬೆಕ್ಕಿಗೂ ತೋರಿಸಿತು. ದೊರೆಗೆ ಮಾತ್ರ ಇಲ್ಲ.

ಒಂಬತ್ತನೆಯ ದಿನ ಅವರಿಗೆ ಬೇಸರ ಬಂತು. "ಬೈಚಪ್ಪ, ಇದಕ್ಕೆ ಆತುರವೇ ಇಲ್ಲವಲ್ಲಯ್ಯ."

"ಯಾಕಿರಬೇಕು ಪ್ರಭು? ಇದರ ಆಯುಸ್ಸು ದೊಡ್ಡದು. ತಮ್ಮ ನಂತರ ಯುವರಾಜರು ನೋಡಿಕೊಳ್ಳಬೇಕು, ಅವರ ನಂತರ ಅವರ ಮಕ್ಕಳು. ಈ ದೊರೆ ಸರಿಹೋಗದಿದ್ದರೆ ಮುಂದಿನವರನ್ನು ನೋಡೋಣ ಅಂತ ಕೂತಿದೆ."

ಮಹಾರಾಜರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಗಷ್ಟೇ ಮೂಗಿನ ತುದಿ ಹೊರಗಿಟ್ಟಿದ್ದ ಆಮೆ ಬೆಚ್ಚಿ ಮತ್ತೆ ಒಳಗೆ ಹೋಯಿತು.

ಕೆಂಚವ್ವ ಕಳೆಗುದ್ದಲಿ ಕೆಳಗಿಟ್ಟಳು. "ನಗೋದಾದ್ರೆ ಬೇಲಿ ಆಚೆ ಹೋಗಿ ನಗಿ ಬುದ್ಧಿ."

ಸಿಂಗನಕೋಟೆಯ ದೊರೆ ಪ್ರಚಂಡರಾಯರು ಬಾಯಿಗೆ ಕೈ ಅಡ್ಡ ಹಿಡಿದು, ದಾಸವಾಳವನ್ನು ಅಲ್ಲೇ ಇಟ್ಟು, ಹೆಜ್ಜೆಯ ಸದ್ದಾಗದಂತೆ ಗಡಿ ದಾಟಿದರು.