ಓಲೆ ಸಂಕವ್ವ ಬರೆದ ಒಂದು ಸಾಲು

ಕೇಳ್ರಿ, ಬಹಳ ಹಿಂದಿನ ಮಾತಿದು. ಎಷ್ಟು ಹಿಂದಿನದು ಅಂತ ನಮ್ಮಜ್ಜಿಗೂ ಗೊತ್ತಿರಲಿಲ್ಲ, ಅವಳ ಅಜ್ಜಿಗೂ ಗೊತ್ತಿರಲಿಲ್ಲ. ಹೊಳೆ ದಂಡೆಯ ಮೇಲೆ ಮುತ್ತಾಳ ಅಂತ ಒಂದು ಊರು. ಆ ಊರಿನಲ್ಲಿ ಸಂಕವ್ವ ಅಂತ ಒಬ್ಬ ಹೆಣ್ಣುಮಗಳು. ಅವಳಪ್ಪ ತಾಳೆಗರಿಯ ಮೇಲೆ ಪುರಾಣ ನಕಲು ಮಾಡಿಕೊಡುವ ಅಯ್ಯನವರು. ಅವರಿಗೆ ಗಂಡುಮಕ್ಕಳಿರಲಿಲ್ಲ. ಕಣ್ಣು ಮಂಜಾದಾಗ ಓಲೆ ಕೊರೆಯುವ ಉಕ್ಕಿನ ಕಂಟವನ್ನು ಮಗಳ ಕೈಗೇ ಕೊಟ್ಟರಂತೆ.

ಓಲೆ ಬರೆಯುವುದು ಅಂದರೆ ಹುಡುಗಾಟದ ಕೆಲಸವಲ್ಲ. ತಪ್ಪಿದರೆ ಒರೆಸುವ ಹಾಗಿಲ್ಲ. ಒಂದು ಅಕ್ಷರ ಕೆಟ್ಟರೆ ಗರಿಯೇ ಕೆಟ್ಟಿತು. ಸಂಕವ್ವನ ಕೈಯಲ್ಲಿ ಗರಿ ಕೆಡುತ್ತಿರಲಿಲ್ಲವಂತೆ. ಅವಳು ಬರೆದ ಓಲೆಗೆ ಗೆದ್ದಲು ಹತ್ತುತ್ತಿರಲಿಲ್ಲವಂತೆ. ಬಡಿಗರು ತಮ್ಮ ದಾರ ನೇರ ಇದೆಯೋ ಇಲ್ಲವೋ ಅಂತ ಅವಳ ಸಾಲಿನ ಮೇಲೆ ಹಿಡಿದು ನೋಡುತ್ತಿದ್ದರಂತೆ. ಹೀಗೆ ಹೇಳುತ್ತಾರೆ, ನಾನು ಕಂಡವನಲ್ಲ.

ಆದರೆ ಬರೆದದ್ದೆಲ್ಲ ಮಂದಿಯ ಮಾತು. ಮಠದವರು ಕಳಿಸಿದ ಪುರಾಣ, ಶಾನುಭೋಗರು ಹೇಳಿದ ಒಕ್ಕಣೆ, ತವರಿಗೆ ಕಳಿಸುವ ಕಾಗದ. ಕೂತ ಜಾಗದಿಂದ ಏಳುವಷ್ಟರಲ್ಲಿ ಇನ್ನೊಬ್ಬರು ಬಾಗಿಲಿಗೆ ಬಂದಿರುತ್ತಿದ್ದರು. ಸ್ವಂತದ್ದೊಂದು ಮಾತು ತಲೆಯಲ್ಲಿ ಹುಟ್ಟಿದರೂ ಅದನ್ನು ಇಳಿಸಲು ಗರಿಯೂ ಉಳಿಯುತ್ತಿರಲಿಲ್ಲ, ಹೊತ್ತೂ ಉಳಿಯುತ್ತಿರಲಿಲ್ಲ. ಆದರೂ ನಾನೂ ಒಂದು ಬರೆದೇನು ಎಂಬ ಧೈರ್ಯ ಅವಳೊಳಗೆ ಇತ್ತು. ಅದನ್ನು ಯಾರ ಮುಂದೆಯೂ ಆಡಿ ತೋರಿಸಿರಲಿಲ್ಲ, ಅಷ್ಟೇ.

ಹೀಗಿರುವಾಗ ಒಂದು ವರ್ಷ ಹೊಳೆ ಊರೊಳಗೆ ಬಂತು. ಮುತ್ತಾಳದ ಬಯಲಾಟದ ಮೇಳ ನಾಲ್ಕು ತಲೆಮಾರಿನಿಂದ ಆಡುತ್ತ ಬಂದಿದ್ದ ಆಟದ ಓಲೆಕಟ್ಟು ನೀರಿನ ಪಾಲಾಯಿತು. ಅದನ್ನು ಬಾಯಿಪಾಠ ಬಲ್ಲ ಮುದುಕ ಹಿಂದಿನ ವರ್ಷವೇ ತೀರಿಕೊಂಡಿದ್ದ. ಸುಗ್ಗಿ ಮುಗಿದ ಮೇಲೆ ದೇಸಾಯರ ವಾಡೆಯ ಮುಂದೆ ಆಟ ಆಡುವ ಮಾನ ಈ ಮೇಳಕ್ಕಿತ್ತು. ಒಂದು ವರ್ಷ ತಪ್ಪಿದರೆ ಆ ಮಾನ ಬೇರೆ ಊರಿಗೆ ಹೋಗುತ್ತಿತ್ತು. ಏನು ಮಾಡುವುದು ಅನ್ನುವುದರಲ್ಲೇ ದಿನ ಕಳೆದು, ಉಳಿದದ್ದು ಒಂದು ತಿಂಗಳು. ಮೇಳದ ಯಜಮಾನ ಭರಮಗೌಡ ಸಂಕವ್ವನ ಕಟ್ಟೆಗೆ ಬಂದು ಕೂತು, ಹಳೆಯದನ್ನು ನೆನಪಿದ್ದಷ್ಟು ಹೇಳುತ್ತೇವೆ, ಬರೆದುಕೊಡು ಅಂದನಂತೆ. ಅವಳು ಹಳೆಯದು ಬೇಡ, ಹೊಸದನ್ನೇ ಬರೆಯುತ್ತೇನೆ ಅಂದಳಂತೆ. ಗೌಡ ಅವಳ ಮುಖ ನೋಡಿದ. ಬೇರೆ ದಾರಿ ಇರಲಿಲ್ಲ, ಹೂಂ ಅಂದ.

ಕೋಟೆಯ ಬಾಗಿಲು ಕಾಯಲು ಹೋಗಿ ಮಡಿದ ಒಬ್ಬ ಹುಡುಗ, ಅವನ ತಾಯಿ, ಇವರ ಕತೆ ಹಿಡಿದಳು. ಊರವರಿಗೆಲ್ಲ ಹೇಳಿದಳು, ಒಂದು ತಿಂಗಳು ನಿಮ್ಮ ಕಾಗದ ಕಾಯಬೇಕು ಅಂತ. ಕಾಗದದವರು ಕಾದರು, ಮೇಳದವರು ಕಾಯಲಿಲ್ಲ. ವೈರಿಯ ವೇಷದವನು ಬಂದು ಆಟದಲ್ಲಿ ತಾನು ಸಾಯುವುದು ಬೇಡ, ಓಡಿಹೋಗುತ್ತೇನೆ ಅಂದ. ರಾಜನ ವೇಷದವನು ತನಗೆ ಹಾಡಲು ಇನ್ನೆರಡು ಪದ ಬೇಕು ಅಂದ. ಮದ್ದಳೆಯವನು ಪದ ಕಡಿಮೆ ಮಾಡು, ಬೆರಳು ನೋಯುತ್ತವೆ ಅಂದ. ಎಲ್ಲರ ಮಾತು ಕೇಳಿದಳು, ತನಗೆ ಸರಿಕಂಡಷ್ಟು ತಗೊಂಡಳು.

ಇಪ್ಪತ್ತು ದಿನಕ್ಕೆ ಆಟ ತಾಯಿಯ ಅಳುವಿನ ಹತ್ತಿರ ಬಂದು ನಿಂತಿತು. ಅಲ್ಲಿಂದ ಕಂಟ ಮುಂದೆ ಹೋಗಲಿಲ್ಲ. ಮೂರು ದಿನ ಹೋಗಲಿಲ್ಲ. ನಾಲ್ಕನೆಯ ದಿನ, ಇಷ್ಟು ವರ್ಷ ನಕಲು ಮಾಡಿದ ಪುರಾಣಗಳ ಅಳುವೆಲ್ಲ ಕೈಗೆ ತಾನಾಗಿ ಬಂತು. ಚಂದ್ರ ಬಿದ್ದ, ಸಮುದ್ರ ಬತ್ತಿತು, ದಿಕ್ಕು ಎಂಟೂ ಕುರುಡಾದವು. ಹನ್ನೆರಡು ಗರಿ ತುಂಬಿದವು. ಓದಿಕೊಂಡರೆ ಎಲ್ಲೂ ತಪ್ಪಿಲ್ಲ, ಆದರೂ ಅವಳ ಮನಸ್ಸು ಒಪ್ಪಲಿಲ್ಲ.

ಪಕ್ಕದ ಮನೆಯಲ್ಲಿ ಬಾಳವ್ವ ಅಂತ ಒಬ್ಬ ಮುದುಕಿ, ಕಂಬಳಿಯ ಉಣ್ಣೆ ನೂಲುವವಳು. ಅಕ್ಷರ ಬಾರದವಳು. ಅವಳ ಒಬ್ಬನೇ ಮಗ ಅಂಬಿಗನಾಗಿದ್ದ, ಹೊಳೆಯಲ್ಲೇ ಹೋಗಿದ್ದ. ಸಂಕವ್ವ ಹನ್ನೆರಡೂ ಗರಿಯನ್ನು ಅವಳ ಮುಂದೆ ಓದಿದಳಂತೆ. ಬಾಳವ್ವ ಪೂರ್ತಿ ಕೇಳಿದಳು.

"ಚಲೋ ಬರದೀಯವ್ವ," ಅಂದಳು. "ಆದ್ರ ಮಗನ್ನ ಕಳಕೊಂಡಾಕಿಗೆ ಇಷ್ಟು ಮಾತು ಎಲ್ಲಿಂದ ಬರ್ತಾವ?"

ಕೇಳಲೋ ಬೇಡವೋ ಅನ್ನುತ್ತ ಸಂಕವ್ವ, ಆವತ್ತು ನೀನು ಏನಂದಿದ್ದೆ ಅಂತ ಕೇಳಿದಳು. ಬಾಳವ್ವ ನೂಲು ಸುತ್ತುತ್ತ, ಸುದ್ದಿ ತಂದವನಿಗೆ ತಾನು ಒಂದೇ ಮಾತು ಕೇಳಿದ್ದು ಅಂದಳು. "ಉಂಡಿದ್ನೇನಪ್ಪಾ, ಅಂದೆ. ಅವಾ ಏನೂ ಹೇಳಲಿಲ್ಲ."

ಸಂಕವ್ವ ಅದನ್ನು ಬರೆಯಲೇನು ಅಂತ ಅಪ್ಪಣೆ ಕೇಳಿದಳು. ಬರೆ ಅಂದಳು ಮುದುಕಿ. ಸಂಕವ್ವ ಮನೆಗೆ ಬಂದು ಹನ್ನೆರಡು ಗರಿಯನ್ನೂ ಒಲೆಗೆ ಹಾಕಿದಳು. ಹೊಸ ಗರಿಯ ಮೇಲೆ ಒಂದೇ ಸಾಲು ಕೊರೆದು, ಉಳಿದದ್ದನ್ನು ಖಾಲಿ ಬಿಟ್ಟಳು.

ತಾಯಿಯ ವೇಷ ಕಲ್ಲಪ್ಪನದು. ಅವನು ದನಿ ಎತ್ತಿದರೆ ಆಚೆ ದಂಡೆಯ ಎತ್ತುಗಳು ಕಿವಿ ನಿಗುರಿಸುತ್ತಿದ್ದವಂತೆ. ದೊಡ್ಡ ಅಳುವಿನ ಪದ ಹಾಡಬೇಕು ಅಂತ ಕಾದಿದ್ದ. ಒಂದು ಸಾಲು ನೋಡಿ ಸಿಟ್ಟಿಗೆದ್ದ. ಇದು ಪದವೂ ಅಲ್ಲ, ಮಾತೂ ಅಲ್ಲ, ದೇಸಾಯರ ಮುಂದೆ ನನ್ನ ಮಾನ ಕಳೆಯುತ್ತೀ ಅಂದ. ಭರಮಗೌಡನೂ ಅವನ ಪರ ನಿಂತ. ನಾಲ್ಕು ಪದ ಸೇರಿಸಿಬಿಡು ಸಂಕವ್ವ, ನಿನಗೇನು ಕಷ್ಟ ಅಂದ.

ಕಷ್ಟವಿರಲಿಲ್ಲ. ಸುಟ್ಟ ಪದಗಳೆಲ್ಲ ಅವಳಿಗೆ ಬಾಯಲ್ಲೇ ಇದ್ದವು. ಅವಳು ಓಲೆಕಟ್ಟನ್ನು ಮಡಿಲಲ್ಲಿ ಇಟ್ಟುಕೊಂಡು ಹೇಳಿದಳಂತೆ:

"ಗೌಡ್ರ, ಬೇರೇದವರ ಮಾತು ಇಷ್ಟು ವರ್ಷ ಅವರು ಹೇಳಿದ ಹಂಗ ಬರದೀನಿ, ಒಂದು ಕೊಂಬು ತಪ್ಪಿಸಿಲ್ಲ. ಇದು ನನ್ನದು. ಇದನ್ನೂ ಹಂಗ ಆಡ್ರಿ. ಇಲ್ಲಾಂದ್ರ ಓಲಿ ನನ್ನ ಕಡೆ ಇರಲಿ."

ಒಂದು ದಿನ ಯಾರೂ ಬರಲಿಲ್ಲ. ಅವಳು ಮಾತು ಬದಲಿಸಲಿಲ್ಲ. ಮರುದಿನ ಕಲ್ಲಪ್ಪನೇ ಬಂದ. ಕೆಟ್ಟರೆ ಹೆಸರು ನಿನ್ನದು ಅಂದ. ನನ್ನದೇ ಅಂದಳು.

ದೇಸಾಯರ ವಾಡೆಯ ಮುಂದೆ ಆಟ ನಡೆಯಿತು. ಏಳೂರಿನ ಮಂದಿ ಸೇರಿತ್ತಂತೆ. ತಾಯಿಯ ಸರದಿ ಬರುವಾಗ ಮೂಡಣ ಕೆಂಪಾಗಿತ್ತು. ಮಗ ಮಡಿದ ಸುದ್ದಿ ತಂದ ಸಿಪಾಯಿ ತಲೆ ತಗ್ಗಿಸಿ ನಿಂತ. ಮದ್ದಳೆ ನಿಂತಿತು. ಕಲ್ಲಪ್ಪ ದನಿ ಎತ್ತಲೇ ಇಲ್ಲ. ಮನೆಯೊಳಗಿನವರನ್ನು ಕೇಳಿದ ಹಾಗೆ ಕೇಳಿದ:

"ಉಂಡಿದ್ನೇನಪ್ಪಾ?"

ಸಿಪಾಯಿ ಮಾತಾಡಲಿಲ್ಲ, ಅವನಿಗೆ ಮಾತು ಬರೆದಿರಲಿಲ್ಲ. ಮಂದಿಯೂ ಮಾತಾಡಲಿಲ್ಲ. ಹಿಂದೆ ನಿಂತಿದ್ದ ಸಂಕವ್ವ, ಕೆಟ್ಟಿತು, ಎಲ್ಲ ಕೆಟ್ಟಿತು ಅಂದುಕೊಂಡಳು. ಅಷ್ಟರಲ್ಲಿ ಹೆಂಗಸರ ನಡುವಿನಿಂದ ಯಾವಳೋ ಒಬ್ಬಳು, ಎಲ್ಲಿಯವಳೋ, ಎದ್ದು ನಿಂತು ಅಳುತ್ತ ಹೇಳಿದಳು:

"ಉಂಡಿದ್ದ ತಾಯಿ, ಹೊಟ್ಟಿ ತುಂಬ ಉಂಡಿದ್ದ."

ಅವಳ ಹಿಂದೆ ಇನ್ನೊಬ್ಬಳು ಹೇಳಿದಳು. ಮತ್ತೊಬ್ಬಳು ಹೇಳಿದಳು. ಬರಬರುತ್ತ ಇಡೀ ಮಂದಿ ಹೇಳಿತು, ದೇಸಾಯರೂ ಹೇಳಿದರಂತೆ. ಕಲ್ಲಪ್ಪ ಆಮೇಲೆ ವೇಷ ಕಳಚದೆಯೇ ಬಂದು ಸಂಕವ್ವನಿಗೆ ಕೈ ಮುಗಿದನಂತೆ. ಅವಳು ಮಂದಿಯ ನಡುವೆ ಕೂತಿದ್ದ ಬಾಳವ್ವನ ಕೈ ಹಿಡಿದು ಮುಂದೆ ತಂದು, ಸಾಲು ಇವಳದು ಅಂದಳಂತೆ.

ಅದಾದ ಮೇಲೆ ಸಂಕವ್ವ ಇಪ್ಪತ್ತು ಆಟ ಬರೆದಳು ಅನ್ನುವವರಿದ್ದಾರೆ, ನೂರು ಅನ್ನುವವರೂ ಇದ್ದಾರೆ. ನಕಲು ಮಾಡುವ ಕೆಲಸವನ್ನೂ ಬಿಡಲಿಲ್ಲವಂತೆ, ಅದು ಕೈಗೆ ಸಾಣೆ ಅನ್ನುತ್ತಿದ್ದಳಂತೆ.

ಈಗಲೂ ಆ ಸೀಮೆಯಲ್ಲಿ ಆ ಆಟ ಆಡುವಾಗ ಸಿಪಾಯಿಯ ವೇಷದವನು ಬಾಯಿ ಬಿಡುವುದಿಲ್ಲ. ತಾಯಿ ಕೇಳಿದ್ದಕ್ಕೆ ಕೂತ ಮಂದಿಯೇ ಉತ್ತರ ಕೊಡಬೇಕು. ಹೊಸದಾಗಿ ಆಟ ಬರೆದವರು, ಪದ ಕಟ್ಟಿದವರು ಯಾರೇ ಆಗಲಿ, ಮೊದಲು ಅಕ್ಷರ ಬಾರದ ಒಬ್ಬ ಮುದುಕಿಯ ಮನೆಗೆ ಹೋಗಿ, ನೆಲದ ಮೇಲೆ ಕೂತು, ಪೂರ್ತಿ ಓದಿ ಹೇಳುತ್ತಾರೆ. ಓದಿ ಮುಗಿಸಿದ ಮೇಲೆ ಚಲೋ ಐತೇನು ಅಂತ ಯಾರೂ ಕೇಳುವುದಿಲ್ಲ. "ನೀ ಆಗಿದ್ರ ಏನಂತಿದ್ದಿ ಅವ್ವಾ?" ಅಂತ ಕೇಳಿ, ಅವಳು ಬಾಯಿ ಬಿಡುವ ತನಕ ಕಾಯುತ್ತಾರೆ.