ಮನೆಯ ನೆತ್ತಿಯ ಮೇಲೊಂದು ಹೊಂಡ

ಬಯಲುನಾಡಿನ ಹತ್ತಿ ವ್ಯಾಪಾರಿ ಅಡವೆಪ್ಪ ಒಂದು ಬೆಟ್ಟದ ಊರಿನಲ್ಲಿ ಮನೆ ಕೊಂಡ. ಅವನ ಹೆಂಡತಿ ನಿಂಬೆವ್ವಳಿಗೆ ಉಬ್ಬಸ. ಬಯಲಿನ ಧೂಳು ಅವಳಿಗೆ ಆಗುತ್ತಿರಲಿಲ್ಲ. ಬೆಟ್ಟದ ಗಾಳಿಯಲ್ಲಾದರೂ ಅವಳು ನೆಮ್ಮದಿಯಾಗಿ ಉಸಿರಾಡಲಿ ಎಂಬುದು ಅವನ ಆಸೆ.

ಆ ಊರಿನಲ್ಲಿ ಮನೆ ಮಾರುವಾಗ ಒಂದು ಪದ್ಧತಿಯಿತ್ತು. ಮಾರುವವನು ಕೊಳ್ಳುವವನ ಕೈ ಹಿಡಿದು ಮೊದಲು ಮನೆಯ ಹಿಂದಿನ ಕಾಲುವೆಗೆ ಕರೆದೊಯ್ಯಬೇಕು. ಮಳೆನೀರು ಮೇಲೆ ಎಲ್ಲಿಂದ ಇಳಿಯುತ್ತದೆ, ಮನೆಯನ್ನು ಹೇಗೆ ಬಳಸುತ್ತದೆ, ಕೆಳಗೆ ಯಾರ ಹಿತ್ತಿಲ ಪಕ್ಕ ಹಾದು ಹಳ್ಳ ಸೇರುತ್ತದೆ ಎಂದು ನಡೆದು ತೋರಿಸಬೇಕು. ಬೀಗದ ಕೈ ಕೊಡುವುದು ಆಮೇಲೆಯೇ. ಅಡವೆಪ್ಪ ಜಗುಲಿಯ ಮೇಲೆ ಎಲೆ ಅಡಿಕೆ ಮೆಲ್ಲುತ್ತ ಕುಳಿತವನು ಏಳಲೇ ಇಲ್ಲ.

“ನಾ ತಗೊಂಡದ್ದು ಮನಿ ಮಾರಾಯಾ, ಗಟಾರ ಅಲ್ಲ. ಕೀಲಿ ಕೊಡು,” ಎಂದು ನಕ್ಕ.

ಮಾರಿದವನು ಮುಖ ಸಣ್ಣದು ಮಾಡಿಕೊಂಡು ಬೀಗದ ಕೈ ಕೊಟ್ಟು ಹೋದ.

ಮೊದಲ ಮಳೆ ಬಿತ್ತು. ಕಾಲುವೆಯಲ್ಲಿ ನೀರು ಕುಣಿಯುತ್ತ ಹರಿದು ಹೋಯಿತು. ಅಡವೆಪ್ಪನಿಗೆ ಅದನ್ನು ನೋಡಲಾಗಲಿಲ್ಲ. ಅವನ ಊರಿನಲ್ಲಿ ಒಂದು ಕೊಡ ನೀರಿಗೆ ಹೆಂಗಸರು ಹರದಾರಿ ನಡೆಯುತ್ತಿದ್ದರು. ಹನಿ ನೀರು ಚೆಲ್ಲಿದರೂ ಅವನ ಅವ್ವ ಬೆನ್ನಿಗೆ ಗುದ್ದುತ್ತಿದ್ದಳು. ಇಲ್ಲಿ ಇಷ್ಟೊಂದು ನೀರು ಹೇಳುವವರು ಕೇಳುವವರಿಲ್ಲದೆ ಹೋಗುತ್ತಿದೆಯಲ್ಲ! ಮನೆಯ ಹಿಂದೆ, ಇಳಿಜಾರಿನ ಮೇಲೆ, ಆಳುಗಳನ್ನು ಹಚ್ಚಿ ಒಂದು ಹೊಂಡ ತೋಡಿಸಿದ. ಒಡ್ಡು ಹಾಕಿಸಿದ. ಕಾಲುವೆಯ ನೀರನ್ನು ಅದರೊಳಕ್ಕೆ ತಿರುಗಿಸಿದ. ಹೊಂಡ ತುಂಬಿ ಆಕಾಶ ಅದರಲ್ಲಿ ಕಂಡಾಗ ದೊಡ್ಡ ಪುಣ್ಯದ ಕೆಲಸ ಮಾಡಿದೆನೆಂದು ಬೀಗಿದ.

ಕೆಳಗಿನ ಮನೆಯ ಬೆಳ್ಳಕ್ಕ ಏದುಸಿರು ಬಿಡುತ್ತ ಹತ್ತಿ ಬಂದಳು.

“ಇದೇನಣ್ಣಾ, ನೆತ್ತಿ ಮೇಲೆ ಕೊಡ ಇಟ್ಕೊಂಡು ಮಲಗ್ತೀಯಾ? ನೀರು ಬಿಟ್ಬಿಡು. ಕೆಳಗೆ ನಾನಿದ್ದೀನಿ.”

“ನಿಮಗ ನೀರಿನ ಬೆಲಿ ಗೊತ್ತಿಲ್ಲವ್ವಾ. ಬ್ಯಾಸಗಿ ಬರ್ಲಿ, ನೀನೂ ಕೊಡ ಹೊತ್ಕೊಂಡು ಬರ್ತಿ ನೋಡು.”

“ಬೆಲೆ ಗೊತ್ತಿಲ್ಲದಿದ್ರೆ ಬೇಡ. ಅದರ ಭಾರ ನಮಗೆ ಗೊತ್ತು,” ಎಂದು ಬೆಳ್ಳಕ್ಕ ಇಳಿದು ಹೋದಳು.

ಅಷ್ಟರಲ್ಲಿ ಮಗಳು ಸಾವಂತ್ರವ್ವ ಹೆರಿಗೆಗೆ ಬಂದಳು. ಹೆಣ್ಣು ಮಗು ಹುಟ್ಟಿತು. ಬೆಟ್ಟಕ್ಕೆ ಬೆನ್ನು ಕೊಟ್ಟಿದ್ದ ಹಿಂದಿನ ಕೋಣೆಗೆ ಗಾಳಿ ನುಗ್ಗುತ್ತಿರಲಿಲ್ಲ. ಅದನ್ನೇ ಬಾಣಂತಿಯ ಕೋಣೆ ಮಾಡಿದರು. ಕೆಂಡದ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಮುಚ್ಚಿದರು.

ಮಳೆ ಹಿಡಿದುಕೊಂಡಿತು. ಒಂದು ಬೆಳಿಗ್ಗೆ ಆ ಕೋಣೆಯ ಬಾಗಿಲು ನೆಲಕ್ಕೆ ಉಜ್ಜಿತು. “ತಂಪಿಗೆ ಕಟಗಿ ಉಬ್ಬೇತಿ,” ಎಂದು ಅಡವೆಪ್ಪ ಬಾಗಿಲ ಅಂಚು ಕೆತ್ತಿದ. ಮರುದಿನ ಅದು ಮತ್ತೆ ಹಿಡಿಯಿತು. ನೆಲದಲ್ಲಿ ಕೂದಲಿನಂಥ ಬಿರುಕು ಕಂಡಿತು. ಅದರ ಮೇಲೆ ಸಗಣಿ ಸಾರಿಸಿದ. ಬಿರುಕು ಸಗಣಿಯನ್ನೂ ಸೀಳಿಕೊಂಡು ಬಂತು. ಹಿತ್ತಿಲಲ್ಲಿ ನೆಟ್ಟಗೆ ನಿಂತಿದ್ದ ಮರಸೇಬಿನ ಮರ ಮನೆಯ ಕಡೆಗೆ ಬಾಗಿತ್ತು. ಅಡವೆಪ್ಪ ಅದನ್ನು ನೋಡಿದ. ನೋಡಿಯೂ ಮುಖ ತಿರುಗಿಸಿದ. ನೀರು ಬಿಟ್ಟುಬಿಡಲೇ? ಕಷ್ಟಪಟ್ಟು ಕೂಡಿಟ್ಟ ನೀರು. ಮಳೆ ಒಂದಿಷ್ಟು ಕಡಿಮೆಯಾಗಲಿ, ಆಮೇಲೆ ನೋಡೋಣ ಅಂದುಕೊಂಡ. ಹೆಂಡತಿಗೆ ಏನೂ ಹೇಳಲಿಲ್ಲ.

ಒಂದು ಮಧ್ಯಾಹ್ನ ಬೆಳ್ಳಕ್ಕ ಓಡಿ ಬಂದಳು. ಮೈಯೆಲ್ಲ ತೊಯ್ದಿತ್ತು.

“ಅಣ್ಣಾ, ನಮ್ಮ ಮನೆ ಹತ್ರದ ಒರತೆ ನಿನ್ನೆಯಿಂದ ಕೆಂಪಗೆ ಬರ್ತಿತ್ತು. ಈಗ ನಿಂತೇಹೋಯ್ತು!”

“ನಿಂತ್ರ ಏನಾತವಾ?”

“ಇಂಥ ಮಳೇಲಿ ಒರತೆ ನಿಲ್ಲುತ್ತಾ? ಬೆಟ್ಟ ಅಷ್ಟು ನೀರನ್ನೂ ಹೊಟ್ಟೇಲಿ ಇಟ್ಕೊಂಡಿದೆ. ನಮ್ಮತ್ತೇನ ಆಚೆ ಬಂಡೆ ಮೇಲೆ ಕೂರಿಸಿ ಬಂದಿದ್ದೀನಿ. ಮಗೂನ ಎತ್ಕೊಂಡು ಹೊರಡಿ!”

ನಿಂಬೆವ್ವ ಅಡ್ಡ ನಿಂತಳು. “ಹಸಿ ಬಾಣಂತಿನ್ನ ಈ ಮಳ್ಯಾಗ ಹೊರಗ ತರ್ತೀರೇನು? ನಂಜಾಗಿ ಸನ್ನಿ ಹಿಡದ್ರ ಯಾರು ನೋಡೋರು?”

ಅಡವೆಪ್ಪ ಗುದ್ದಲಿ ಎತ್ತಿಕೊಂಡ. ಹೊಂಡ ಒಡೆದರೆ ಮನೆ ಉಳಿಯುತ್ತದೆ, ಮಗಳನ್ನು ಹೊರಗೆ ತರುವುದೂ ತಪ್ಪುತ್ತದೆ ಎಂದುಕೊಂಡು ಹಿತ್ತಿಲಿಗೆ ಓಡಿದ. ಒಡ್ಡಿನ ಮೇಲೆ ನಿಂತು ಗುದ್ದಲಿ ಎತ್ತಿದವನು ಹಾಗೆಯೇ ನಿಂತುಬಿಟ್ಟ.

ಒಡ್ಡು ಎಲ್ಲೂ ಒಡೆದಿರಲಿಲ್ಲ. ಆದರೂ ಹೊಂಡದ ನೀರು ತಾನಾಗಿಯೇ ಇಳಿಯುತ್ತಿತ್ತು. ಯಾರೋ ಕೆಳಗಿನಿಂದ ಬಾಯಿ ಹಚ್ಚಿ ಕುಡಿಯುತ್ತಿದ್ದಂತೆ ಗೊಳಗೊಳ ಸದ್ದು. ಕಾಲಡಿಯ ನೆಲದೊಳಗೆ ಗಡುಸು ಬಟ್ಟೆ ಹರಿದಂಥ ಇನ್ನೊಂದು ಸದ್ದು. ಅಷ್ಟರಲ್ಲಿ ಮಗಳ ಕೂಗು ಕೇಳಿಸಿತು.

“ಅಪ್ಪಾ! ಬಾಗಲಾ ತಗೀಲಿಕ್ಕೆ ಬರವಲ್ದು!”

ಹೊಂಡವೋ ಮಗಳೋ ಎಂದು ಯೋಚಿಸಲು ಹೊತ್ತಿರಲಿಲ್ಲ. ಅಡವೆಪ್ಪ ಹೊಂಡಕ್ಕೆ ಬೆನ್ನು ಹಾಕಿ ಒಳಗೆ ನುಗ್ಗಿದ. ಬಾಗಿಲ ಚೌಕಟ್ಟು ಸೊಟ್ಟಗಾಗಿ ಹಲಗೆಯನ್ನು ಕಚ್ಚಿ ಹಿಡಿದಿತ್ತು. ಒಳಗೆ ಕೂಸು ಚೀರುತ್ತಿತ್ತು. ಗುದ್ದಲಿಯಿಂದ ಹಲಗೆಗೆ ಹೊಡೆದ. ಹೊಡೆದಷ್ಟೂ ಮೇಲಿನಿಂದ ಮಣ್ಣು ಉದುರಿತು. ಬೆಳ್ಳಕ್ಕ ಬರಿಗೈಯಲ್ಲಿ ಸೀಳು ಕಿತ್ತು ಎಳೆದಳು. ಅಡ್ಡ ನಿಂತಿದ್ದ ನಿಂಬೆವ್ವಳೇ ಕಿಂಡಿಯೊಳಕ್ಕೆ ಕೈ ಚಾಚಿ, “ಕೂಸಿನ್ನ ಕೊಡವಾ, ಮೊದಲ ಕೂಸಿನ್ನ ಕೊಡು!” ಎಂದು ಅಳುತ್ತ ಮಗುವನ್ನು ಸೆರಗಿನೊಳಗೆ ಸುತ್ತಿಕೊಂಡಳು. ಅದೇ ಕಿಂಡಿಯಿಂದ ಮಗಳನ್ನೂ ಎಳೆದುಕೊಂಡರು.

“ಕೆಳಕ್ಕೆ ಬೇಡ! ಅಡ್ಡ ಓಡಿ, ಬಂಡೆ ಕಡೆಗೆ!” ಎಂದು ಬೆಳ್ಳಕ್ಕ ಅರಚಿದಳು.

ಅವರು ಬಂಡೆ ಮುಟ್ಟಿದರು. ತಿರುಗಿ ನೋಡಿದಾಗ ಮೊದಲು ಮರಗಳು ನಡೆಯುತ್ತಿರುವುದು ಕಂಡಿತು. ನಿಂತ ಹಾಗೆಯೇ, ನೆಟ್ಟಗೆ, ಮೆಲ್ಲನೆ. ಆಮೇಲೆ ಇಳಿಜಾರೇ ಜಾರಿತು. ಅಡವೆಪ್ಪನ ಮನೆ ಮಂಡಿಯೂರಿದಂತೆ ಕುಸಿಯಿತು. ಅದರ ಕಲ್ಲು ಮಣ್ಣೆಲ್ಲ ಬೆಳ್ಳಕ್ಕನ ಮನೆಯ ಮೇಲೆ ಬಿತ್ತು. ಅವಳ ಮನೆ ಇದ್ದ ಜಾಗವೂ ತಿಳಿಯದಂತಾಯಿತು.

ಅಡವೆಪ್ಪ ಬಂಡೆಯ ಮೇಲೆ ಬಿದ್ದು ಅವಳ ಕಾಲು ಹಿಡಿದ. “ತಪ್ಪಾತು ತಂಗೀ, ನಿನ್ನ ಮನಿ ನಾ ತಿಂದೆ.”

ಬೆಳ್ಳಕ್ಕ ಕಾಲು ಕಿತ್ತುಕೊಂಡಳು. “ಕಾಲು ಆಮೇಲೆ ಹಿಡಿಯುವಿಯಂತೆ. ಆ ಮಣ್ಣು ಇನ್ನೂ ನಿಂತಿಲ್ಲ, ಹಳ್ಳ ಹಿಡಿದು ಕೆಳಗಿನ ಕೇರಿಗೆ ಹೋಗ್ತಿದೆ. ಅಲ್ಲಿ ಮಕ್ಕಳಿದ್ದಾವೆ. ಗಂಟಲಿದೆಯಲ್ಲ, ಕೂಗು!”

ಅಡವೆಪ್ಪ ಎದ್ದ. ಬಂಡೆಯ ಅಂಚಿನಲ್ಲಿ ಎಡವುತ್ತ ಬೀಳುತ್ತ ಓಡಿದ. “ಮನಿ ಬಿಟ್ಟು ಹೊರಗ ಬರ್ರಿ! ಬೆಟ್ಟ ಬರಾಕತ್ತೇತಿ! ನನ್ನ ಹೊಂಡ ಬರಾಕತ್ತೇತಿ!” ಎಂದು ಗಂಟಲು ಹರಿಯುವಂತೆ ಕೂಗಿದ. ಕೆಳಗೆ ಒಂದು ಬಾಗಿಲು ತೆರೆಯಿತು. ಇನ್ನೊಂದು ತೆರೆಯಿತು. ಜನ ಮಕ್ಕಳನ್ನು ಕಂಕುಳಲ್ಲಿ ಇರುಕಿಕೊಂಡು ದಿಬ್ಬ ಹತ್ತಿದರು. ಕೊನೆಯ ಮುದುಕಿ ಹತ್ತಿ ಮುಗಿಯುವಷ್ಟರಲ್ಲಿ ಕೆಂಪು ಕೆಸರು ಅವರ ಹೊಸಿಲು ದಾಟಿ ಒಳಗೆ ಹೋಯಿತು. ಯಾರ ಜೀವವೂ ಹೋಗಲಿಲ್ಲ. ಅಡವೆಪ್ಪ ದಿಬ್ಬಕ್ಕೆ ಬಂದು ಅಲ್ಲಿದ್ದ ಅಷ್ಟೂ ಮುಖಗಳ ಮುಂದೆ ಕೈ ಮುಗಿದು ನಿಂತ.

ನೀತಿ: ಬೆಟ್ಟದಲ್ಲಿ ಮನೆ ಮಾಡುವವರು ಗೋಡೆ, ಸೂರು ನೋಡಿದರೆ ಸಾಲದು. ನೀರಿನ ದಾರಿ ಯಾವುದು, ಕೆಳಗೆ ವಾಸವಾಗಿರುವವರು ಯಾರು ಎಂದು ಮೊದಲು ತಿಳಿಯಬೇಕು. ಒಂದು ನಾಡಿನಲ್ಲಿ ಪುಣ್ಯವಾದದ್ದು ಇನ್ನೊಂದು ನಾಡಿನಲ್ಲಿ ಕೇಡಾಗಬಹುದು. ಹೊಸ ನೆಲಕ್ಕೆ ಹೋದವರು ಅಲ್ಲಿನ ಜನ ಯಾವುದಕ್ಕೆ ಹೆದರುತ್ತಾರೋ ಅದಕ್ಕೆ ಹೆದರುವುದನ್ನು ಕಲಿಯಬೇಕು.