ಕಾಗದದ ಫಲಾವಳಿ

ಕೈಯಲ್ಲಿ ಕಸುಬು ಇರುವವರನ್ನು ಕಂಡರೆ ನನಗೆ ಸ್ವಲ್ಪ ಭಯ. ಏನು ಬೇಕಾದರೂ ಮಾಡಿಬಿಡುತ್ತಾರೆ. ಆಮೇಲೆ ಯಾಕೆ ಮಾಡಿದೆ ಎಂದು ಕೇಳಿದರೆ ಮುಖ ಊದಿಸಿಕೊಂಡು ಕೂರುತ್ತಾರೆ.

ಹಮ್ಮಣ್ಣ ಅಂಥವನು.

ಗಂಗಾವಳಿ ಹೊಳೆಯ ದಂಡೆಯ ಮೇಲೆ ಒಂದು ಸಣ್ಣ ಆಶ್ರಮವಿತ್ತು. ಅಲ್ಲಿ ಸುಬ್ರಾಯ ಗುರುಗಳು, ಅವರ ಶಿಷ್ಯನಾಗಿ ಹಮ್ಮಣ್ಣ. ಗುರುಗಳಿಗೆ ವಯಸ್ಸು ಎಪ್ಪತ್ತು ದಾಟಿತ್ತು, ಸಿಟ್ಟು ಮಾತ್ರ ಇಪ್ಪತ್ತರದ್ದು.

ಚೌತಿ ಬಂತೆಂದರೆ ಆ ಕಡೆ ಗಣಪತಿಯ ತಲೆಯ ಮೇಲೆ ಫಲಾವಳಿ ಕಟ್ಟುತ್ತಾರೆ. ಜಂತಿಗೆ ತೂಗುಹಾಕಿದ ಮರದ ಚೌಕಟ್ಟು ಅದು. ಅದರ ತುಂಬ ಆ ಕಾಲದಲ್ಲಿ ಸಿಗುವ ಹಣ್ಣು, ಕಾಯಿ, ಹೂವು. ನಡುನಡುವೆ ಚಕ್ಕುಲಿ, ಉಂಡೆ.

ಆಶ್ರಮದ ಫಲಾವಳಿಗೆ ಕಾಡಿನ ಹಣ್ಣುಕಾಯಿ ತರುವವಳು ಗುಡ್ಡದ ಮೇಲಿನ ಬೊಮ್ಮಜ್ಜಿ, ಗುರುಗಳ ಬಾಯಲ್ಲಿ ಬೊಮ್ಮಕ್ಕ. ಚೌತಿ ಹತ್ತಿರ ಬಂದಾಗ ಬುಟ್ಟಿ ಹೊತ್ತು ಇಳಿಯುತ್ತಾಳೆ. ಬುಟ್ಟಿ ಇಳಿಸಿದ ಕೂಡಲೇ ಅವಳಿಗೆ ಎರಡು ಕೊಳಗ ಅಕ್ಕಿ, ಒಂದು ಸೀರೆ. ಮೂವತ್ತು ವರ್ಷದಿಂದ ಹೀಗೇ ನಡೆದಿತ್ತು.

ಆ ಅಕ್ಕಿ ಎಂಥ ಹೊತ್ತಿನಲ್ಲಿ ಸಿಗುತ್ತಿತ್ತು ಗೊತ್ತೇ? ಮನೆಯ ಹಳೇ ಭತ್ತ ಮುಗಿದಿರುತ್ತದೆ, ಹೊಸದು ಇನ್ನೂ ಗದ್ದೆಯಲ್ಲಿ ಹಸಿರಾಗಿ ನಿಂತಿರುತ್ತದೆ. ಅಜ್ಜಿಯ ಮಗ ತೀರಿಹೋಗಿದ್ದ. ಮನೆಯಲ್ಲಿ ಸೊಸೆ, ಮೂರು ಮೊಮ್ಮಕ್ಕಳು. ಹೊಸ ಭತ್ತ ಬರುವವರೆಗೆ ಅವರೆಲ್ಲ ಉಣ್ಣುತ್ತಿದ್ದದ್ದು ಆ ಎರಡು ಕೊಳಗ.

ಒಂದು ವರ್ಷ ಚೌತಿಗೆ ಹತ್ತು ದಿನ ಇರುವಾಗ ಗುರುಗಳು ಎಂಟು ದಿನದ ಮಟ್ಟಿಗೆ ಊರು ಬಿಟ್ಟು ಹೋದರು. ಹೊರಡುವಾಗ ಹೇಳಿದರು, "ಹಮ್ಮಣ್ಣ, ಈ ಸಲ ಅಬ್ಬರ ಬೇಡ. ಖರ್ಚು ಕಡಿಮೆ ಮಾಡು."

ಇಷ್ಟು ಸಾಕಾಯಿತು ಪುಣ್ಯಾತ್ಮನಿಗೆ.

ಗುರುಗಳು ತಿರುಗಿ ಬರುವಷ್ಟರಲ್ಲಿ ಫಲಾವಳಿ ಸಿದ್ಧವಾಗಿತ್ತು. ಚೌತಿಗೆ ಇನ್ನೂ ಎರಡು ದಿನವಿತ್ತು. ಗುರುಗಳು ಬಾಗಿಲಲ್ಲೇ ನಿಂತುಬಿಟ್ಟರು.

"ಅಬ್ಬಾ! ಮಾದಲ ಹಣ್ಣು ಎಷ್ಟು ದಪ್ಪ ಇದೆಯೋ! ಬೊಮ್ಮಕ್ಕ ಈ ಸಲ ಕೈ ಬಿಚ್ಚಿ ತಂದಿದ್ದಾಳೆ."

ಹಮ್ಮಣ್ಣ ನಗು ತಡೆದುಕೊಂಡು ನಿಂತಿದ್ದ.

ಗುರುಗಳು ಹತ್ತಿರ ಹೋದರು. ಮೂಗು ಒಡ್ಡಿದರು. ಮಾದಲ ನಿಂಬೆಯ ಜಾತಿ, ಆ ಹಣ್ಣಿದ್ದ ಕೋಣೆಗೆ ಕಾಲಿಟ್ಟರೆ ಸಾಕು, ಘಮ್ಮೆನ್ನಬೇಕು. ಏನೂ ಇಲ್ಲ. ಮೆಂತ್ಯದ ವಾಸನೆ ಬಂತು.

"ನೀವೂ ಮೋಸಹೋದಿರಿ, ಗುರುಗಳೇ!" ಹಮ್ಮಣ್ಣ ಚಪ್ಪಾಳೆ ತಟ್ಟಿದ. "ಎಲ್ಲ ಕಾಗದ. ಹಳೇ ಪಂಚಾಂಗಗಳನ್ನು ಮೂರು ದಿನ ನೆನೆಸಿ, ಮೆಂತ್ಯ ಸೇರಿಸಿ ರುಬ್ಬಿದೆ. ಹುಳ ಬರಬಾರದಲ್ಲ, ಅದಕ್ಕೆ ಮೆಂತ್ಯ. ಬಣ್ಣಕ್ಕೆ ಅರಿಶಿನ, ಸ್ವಲ್ಪ ಸೊಪ್ಪಿನ ರಸ."

"ಈ ಚಕ್ಕುಲಿ?"

"ತೆಂಗಿನ ನಾರಿನ ಹಗ್ಗ. ಸುರುಳಿ ಸುತ್ತಿ ಅಕ್ಕಿ ಗಂಜಿಯಲ್ಲಿ ಅದ್ದಿ ಒಣಗಿಸಿದೆ. ಮುಳ್ಳು ತಾನಾಗೇ ಬಂತು ನೋಡಿ!"

"ಉಂಡೆ?"

"ಹರಕು ಬಟ್ಟೆ. ಚೆಂಡು ಕಟ್ಟಿ, ಗಂಜಿ ಸವರಿ, ಮರದ ಹೊಟ್ಟಿನಲ್ಲಿ ಹೊರಳಿಸಿದೆ. ಮಾವಿನ ತೋರಣವೂ ಬಟ್ಟೆಯದೇ. ಒಂದು ಸಲ ಮಾಡಿಟ್ಟರೆ ಹತ್ತು ವರ್ಷಕ್ಕೆ ಮೋಸವಿಲ್ಲ. ಬಾಡುವುದಿಲ್ಲ, ಕೊಳೆಯುವುದಿಲ್ಲ."

"ಭಲೇ," ಎಂದರು ಗುರುಗಳು. ಆ ಮಾತು ಮನಸ್ಸಿನಿಂದಲೇ ಬಂದಿತ್ತು. ಚಕ್ಕುಲಿಯನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡಿದರು. "ಬೊಮ್ಮಕ್ಕ ಇದನ್ನು ನೋಡಿದಳೇ?"

"ನೋಡಿದಳು. ನಿನ್ನೆ ಬಂದಿದ್ದಳು."

"ಏನಂದಳು?"

"ಮಾದಲ ಹಣ್ಣಿನ ತೊಟ್ಟು ತಪ್ಪು ಕಡೆ ಇಟ್ಟಿದೀಯ ತಮ್ಮಾ, ಅಂದಳು. ಮೊಲೆಯ ಹಾಗೆ ಚೂಪಾಗಿರುವ ಕಡೆ ಬುಡ ಅಲ್ಲವಂತೆ, ತುದಿಯಂತೆ. ನಾನು ಎಲ್ಲ ಮಾದಲವನ್ನೂ ತಲೆಕೆಳಗಾಗಿ ಕಟ್ಟಿದ್ದೇನಂತೆ." ಹಮ್ಮಣ್ಣನಿಗೆ ಅದು ಸ್ವಲ್ಪ ಚುಚ್ಚಿತ್ತು. "ಅಷ್ಟು ದೂರದಿಂದ ಯಾರು ನೋಡುತ್ತಾರೆ ಬಿಡಿ."

"ಅವಳ ಬುಟ್ಟಿ ಎಲ್ಲಿ?"

"ಬೇಡ ಅಂದೆ. ಈ ವರ್ಷ ಬೇಡ, ಇನ್ನು ಮುಂದೆಯೂ ಬೇಡ ಅಂತ ಹೇಳಿ ಕಳಿಸಿದೆ. ಎರಡು ಕೊಳಗ ಅಕ್ಕಿ ಉಳಿಯಿತು, ಗುರುಗಳೇ."

ಗುರುಗಳು ಚಕ್ಕುಲಿಯಿಂದ ಕೈ ತೆಗೆದರು.

"ಏನಂದೆ?"

"ಎರಡು ಕೊಳಗ..."

"ಬಾಯಿ ಮುಚ್ಚು!"

ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು ತಿರುಗಿ ನೋಡಿದರು ಎಂದು ಹೇಳುತ್ತಾರೆ. ನನಗೇನೂ ಆಶ್ಚರ್ಯವಿಲ್ಲ. ಆ ಜಾಗದಲ್ಲಿ ನಾನಿದ್ದಿದ್ದರೆ ಆಚೆ ದಡದವರೂ ತಿರುಗಿ ನೋಡುತ್ತಿದ್ದರು.

"ಎಪ್ಪತ್ತು ವರ್ಷದ ಮುದುಕಿ ಬುಟ್ಟಿ ಹೊತ್ತು ಗುಡ್ಡ ಇಳಿದು ಬಂದಳು. ಬಂದ ಬುಟ್ಟಿಯ ಸಮೇತ ಅವಳನ್ನು ಗುಡ್ಡ ಹತ್ತಿಸಿದೆಯಾ? ನಾಚಿಕೆ ಆಗಲಿಲ್ಲವೇನೋ?"

ಹಮ್ಮಣ್ಣನಿಗೂ ರೇಗಿತು. "ಖರ್ಚು ಕಡಿಮೆ ಮಾಡು ಅಂತ ನೀವೇ ಅಲ್ಲವೇ ಹೇಳಿದ್ದು?"

ಗುರುಗಳು ಸ್ವಲ್ಪ ಹೊತ್ತು ಅತ್ತಿತ್ತ ನಡೆದಾಡಿದರು.

"ಹೇಳಿದೆ," ಎಂದರು. "ಹೇಳಿದ್ದು ನಾನೇ. ನನ್ನ ಬಾಯಿಗಿಷ್ಟು ಬೆಂಕಿ ಹಾಕ. ನಡಿ, ಅಕ್ಕಿ ಅಳೆ. ಈಗಲೇ ತೆಗೆದುಕೊಂಡು ಹೋಗಿ ಅವಳ ಮನೆಗೆ ಕೊಟ್ಟು ಬಾ."

ಹಮ್ಮಣ್ಣ ಅಕ್ಕಿ ಮೂಟೆ ಹೊತ್ತು ಗುಡ್ಡ ಹತ್ತಿದ. ಮೈಯೆಲ್ಲ ಬೆವರು, ಮನಸ್ಸೆಲ್ಲ ಉರಿ. ಎಂಟು ದಿನ ಬೆನ್ನು ಬಗ್ಗಿಸಿ ದುಡಿದದ್ದಕ್ಕೆ ಸಿಕ್ಕಿದ ಮರ್ಯಾದೆ ಇದು, ಎಂದುಕೊಂಡ.

ಅಜ್ಜಿ ಅಂಗಳದಲ್ಲಿ ಕೆಸುವಿನ ದಂಟು ಹೆಚ್ಚುತ್ತಿದ್ದಳು. ಮಕ್ಕಳು ಸುತ್ತ ಕೂತಿದ್ದವು.

"ಏನು ತಮ್ಮಾ?"

"ಅಕ್ಕಿ. ಗುರುಗಳು ಕೊಟ್ಟು ಬಾ ಅಂದರು."

"ಯಾತಕ್ಕೆ?"

"ಸುಮ್ಮನೆ. ಇಟ್ಟುಕೊ ಅಜ್ಜಿ."

ಸುಮ್ಮನೆ ಅಂದನಲ್ಲ, ಅಲ್ಲೇ ಕೆಟ್ಟ. ಅಜ್ಜಿ ಕತ್ತಿ ಕೆಳಗಿಟ್ಟು ಎದ್ದಳು.

"ಸುಮ್ಮನೆ ಕೊಡುವುದಕ್ಕೆ ನಾನೇನು ನಿಮ್ಮ ಬಾಗಿಲಲ್ಲಿ ಕೈ ಒಡ್ಡಿದ್ದೆನಾ? ಮೂವತ್ತು ವರ್ಷದಲ್ಲಿ ಒಂದು ದಿನ ಒಡ್ಡಿದ್ದೆನಾ, ಹೇಳು! ನನ್ನ ಬುಟ್ಟಿ ಬೇಡ ಅಂದೆ ನೀನು. ಬುಟ್ಟಿ ಬೇಡವಾದವರ ಅಕ್ಕಿ ನನಗೆ ಯಾಕೆ? ಹೊತ್ತುಕೊಂಡು ನಡಿ!"

"ಮಕ್ಕಳು..."

"ನನ್ನ ಮೊಮ್ಮಕ್ಕಳ ಚಿಂತೆ ನಿನ್ನೆ ಎಲ್ಲಿ ಹೋಗಿತ್ತು?"

ಸೊಸೆ ಬಾಗಿಲ ಹಿಂದೆ ನಿಂತು ಮೂಟೆಯನ್ನೇ ನೋಡುತ್ತಿದ್ದಳು. ಹಮ್ಮಣ್ಣ ಮೂಟೆ ಹೊತ್ತು ಬಂದ ದಾರಿಯಲ್ಲೇ ಇಳಿದ.

"ಕೊಟ್ಟೆಯಾ?" ಗುರುಗಳು ಕೇಳಿದರು.

"ತೆಗೆದುಕೊಳ್ಳಲಿಲ್ಲ. ಬೈದು ಕಳಿಸಿದಳು."

"ಚೆನ್ನಾಗಿ ಬೈದಳೇ?"

"ಚೆನ್ನಾಗಿಯೇ ಬೈದಳು."

"ಒಳ್ಳೆಯದಾಯಿತು. ನಾನು ಬೈದದ್ದು ಕಡಿಮೆಯಾಗಿತ್ತು. ನಾಳೆ ಬೆಳಿಗ್ಗೆ ಮತ್ತೆ ಹೋಗು. ಅಕ್ಕಿ ಬೇಡ, ಬರಿಗೈಯಲ್ಲಿ ಹೋಗು. ಹೋಗಿ ಬುಟ್ಟಿ ಕೇಳು."

"ಬುಟ್ಟಿ ಎಲ್ಲಿದೆ? ಸಿಟ್ಟಿನಲ್ಲಿ ಎಲ್ಲ ಹೊಳೆಗೆ ಸುರಿದುಹೋಗಿದ್ದಾಳೆ. ನಾನೇ ಕಣ್ಣಾರೆ ಕಂಡೆ."

"ಹಾಗಾದರೆ ಕಾಡಿಗೆ ಹೋಗಿ ತಾ."

"ನನಗೆ ಯಾವ ಗಿಡ ಎಲ್ಲಿದೆ ಅಂತ ಏನು ಗೊತ್ತು, ಗುರುಗಳೇ?"

"ಗೊತ್ತಿರುವವಳು ಒಬ್ಬಳಿದ್ದಾಳೆ. ಕೈಮುಗಿದು ಕೇಳು."

ಮರುದಿನ ಹಮ್ಮಣ್ಣ ಕೈಮುಗಿದು ಕೇಳಿದ. ಅಜ್ಜಿ ಅವನನ್ನು ಅಂಗಳದಲ್ಲೇ ನಿಲ್ಲಿಸಿ ಕೋಳಿಗೆ ಕಾಳು ಹಾಕಿದಳು, ಕೊಟ್ಟಿಗೆ ಗುಡಿಸಿದಳು, ಎಲೆ ಅಡಿಕೆ ಹಾಕಿಕೊಂಡಳು. ಮಾಡಲು ಇನ್ನೇನೂ ಉಳಿಯದಾದಾಗ ಬುಟ್ಟಿಯನ್ನು ಅವನ ತಲೆಯ ಮೇಲಿಟ್ಟಳು.

"ನಡಿ. ನೀನೇ ಹೊರಬೇಕು."

ದಿನವಿಡೀ ಕಾಡು ಸುತ್ತಿದರು. ಹಮ್ಮಣ್ಣನ ಕಾಲಿಗೆ ಉಂಬಳ ಹತ್ತಿ ರಕ್ತ ಹೀರಿತು, ಕೈಗೆ ಮುಳ್ಳು ತರಚಿತು. ಮರ ಹತ್ತುವುದು ಅವನು, ಕೆಳಗೆ ನಿಂತು ಬೈಯುವುದು ಅಜ್ಜಿ.

"ಅದಲ್ಲವೋ, ಅದರ ಪಕ್ಕದ್ದು! ಕಣ್ಣು ಎಲ್ಲಿಟ್ಟಿದೀಯ? ಗೊಂಚಲು ಪೂರ್ತಿ ಕೀಳಬೇಡ, ಹಕ್ಕಿಗೆ ಬಿಡು."

ಅಮಟೆಕಾಯಿ ಸಿಕ್ಕಿತು, ಮಡಹಾಗಲ ಸಿಕ್ಕಿತು. ಬೇಲಿಯ ಮೇಲೆ ಗೌರಿ ಹೂ ಸಿಕ್ಕಿತು. ಕಾಸರಕನ ಕಾಯಿ ಕೈಗೆ ಬಂದಾಗ ಹಮ್ಮಣ್ಣ ಮೂಸಿ ನೋಡಿದ.

"ಬಾಯಿಗಿಟ್ಟೀಯೆ, ಹುಷಾರು! ನಿನ್ನನ್ನು ಹೊತ್ತುಕೊಂಡು ಇಳಿಯಲು ನನ್ನ ಕೈಲಾಗದು. ವಿಷದ ಕಾಯಿ ಅದು, ಕಟ್ಟುವುದಕ್ಕೆ ಮಾತ್ರ."

ಕೊನೆಗೆ ಮಾದಲದ ಗಿಡ. ಹಮ್ಮಣ್ಣ ಬಗ್ಗಿ ನೋಡಿದ. ಕೊಂಬೆಗೆ ಅಂಟಿದ್ದು ಬುಡ, ಮೊಲೆ ನೆಲದ ಕಡೆಗಿತ್ತು. ಅಜ್ಜಿ ಅವನ ಮುಖ ನೋಡಿದಳು. ಅವನು ಬೇರೆ ಕಡೆ ನೋಡಿದ.

ಬುಟ್ಟಿ ತುಂಬಿ ಆಶ್ರಮಕ್ಕೆ ಬಂದಾಗ ಗುರುಗಳು ಅಂಗಳಕ್ಕೆ ಇಳಿದು ನಿಂತಿದ್ದರು. ಕೈಮುಗಿದರು.

"ತಪ್ಪು ನನ್ನ ಬಾಯಿಂದ ಹೊರಟಿತು, ಬೊಮ್ಮಕ್ಕ. ಮನಸ್ಸಿಗೆ ಹಚ್ಚಿಕೊಳ್ಳಬೇಡ."

"ಹಚ್ಚಿಕೊಂಡಾಯಿತು, ಅಯ್ಯಾ," ಎಂದಳು ಅಜ್ಜಿ. "ಮೊದಲು ಬುಟ್ಟಿ ಇಳಿಸಿಕೊಳ್ಳಿ, ಹುಡುಗನ ಕುತ್ತಿಗೆ ಮುರಿದೀತು."

ಗುರುಗಳೇ ಅಕ್ಕಿ ಅಳೆದರು. ಎರಡು ಕೊಳಗ. ಹಮ್ಮಣ್ಣ ಇನ್ನೊಂದು ಬೊಗಸೆ ಹಾಕಲು ಹೋದ. ಅಜ್ಜಿ ಚೀಲದ ಬಾಯಿ ಹಿಡಿದು ಕಟ್ಟಿದಳು. ಚೀಲ ತಲೆಗೇರಿಸಿ, ಸೀರೆಯನ್ನು ಹೆಗಲಿಗೆ ಹಾಕಿಕೊಂಡು, ಹಿಂದಿರುಗಿ ನೋಡದೆ ಗುಡ್ಡದ ಕಡೆ ನಡೆದಳು.

"ಇದನ್ನೇನು ಮಾಡಲಿ?" ಹಮ್ಮಣ್ಣ ತನ್ನ ಕಾಗದದ ಫಲಾವಳಿ ತೋರಿಸಿದ. ಧ್ವನಿ ಸಣ್ಣದಾಗಿತ್ತು. "ಒಲೆಗೆ ಹಾಕಲೇ?"

"ಯಾಕೋ ಹಾಕುತ್ತೀಯ? ಚೆನ್ನಾಗಿ ಮಾಡಿದ್ದೀಯ. ಜಗಲಿಗೆ ಕಟ್ಟು, ಬಂದವರು ನೋಡಿ ಸಂತೋಷಪಡಲಿ. ದೇವರ ಮೇಲೆ ಮಾತ್ರ ಬೇಡ."

ಚೌತಿಯ ದಿನ ಪೂಜೆ ಮುಗಿಯಿತು. ಒಳಗೆ ಮಾದಲದ ಘಮ, ಹೊರಗೆ ಜಗಲಿಯಲ್ಲಿ ಕಾಗದದ ಹಣ್ಣು ನೋಡಿ ಬೆರಗಾಗುವ ಜನ. ಆದರೂ ಹಮ್ಮಣ್ಣನ ಮುಖ ಗಂಟಿಕ್ಕಿಯೇ ಇತ್ತು.

ಜನ ಕರಗಿದ ಮೇಲೆ ಗುರುಗಳೇ ಕರೆದರು. "ಏನದು? ಹೇಳಿಬಿಡು. ಎರಡು ದಿನದಿಂದ ನೋಡುತ್ತಿದ್ದೇನೆ ನಿನ್ನ ಮೋರೆಯನ್ನು."

"ನೀವು ಸಿಟ್ಟಾಗಬಾರದು."

"ಅದನ್ನು ನೀನು ಹೇಳಬೇಡ. ಹೇಳುವುದನ್ನು ಹೇಳು."

ಹಮ್ಮಣ್ಣ ತಡೆದುಕೊಂಡದ್ದೆಲ್ಲ ಒಮ್ಮೆಗೇ ಹೊರಬಂತು.

"ಅಲ್ಲ ಗುರುಗಳೇ, ನಾನು ಮಾಡಿದ ಅಪರಾಧವಾದರೂ ಏನು? ನನ್ನ ಹಣ್ಣು ಜಗಲಿಗೆ ಆಗುತ್ತದೆ, ದೇವರಿಗೆ ಆಗುವುದಿಲ್ಲ! ಉಂಬಳಕ್ಕೆ ರಕ್ತ ಕೊಟ್ಟು, ಮುಳ್ಳಿಗೆ ಚರ್ಮ ಕೊಟ್ಟು ಕಾಡಿನದನ್ನೇ ತರಬೇಕು. ತಂದು ಕಟ್ಟಿದೆ. ಬೆಳಗಿನಿಂದ ನೋಡುತ್ತಿದ್ದೇನೆ. ದೇವರು ಒಂದು ಅಮಟೆಕಾಯಿ ಮುಟ್ಟಿದನೇ? ಕಾಗದದ್ದನ್ನೂ ತಿನ್ನುವುದಿಲ್ಲ, ಕಾಡಿನದನ್ನೂ ತಿನ್ನುವುದಿಲ್ಲ. ತಿನ್ನದ ದೇವರ ಮುಂದೆ ಯಾವುದು ಕಟ್ಟಿದರೇನು?"

ಗುರುಗಳು ಕೂತಲ್ಲಿಂದ ಎದ್ದರು. ಹಮ್ಮಣ್ಣ ಒಂದು ಹೆಜ್ಜೆ ಹಿಂದೆ ಸರಿದ.

"ದೇವರು ತಿನ್ನುವುದಿಲ್ಲ ಅಂತಲೇ ಅಲ್ಲವೇನೋ ಮಾರಾಯ, ಮೂವತ್ತು ವರ್ಷ ಬೊಮ್ಮಕ್ಕನ ಮನೆಯವರು ಆ ಬುಟ್ಟಿಯಿಂದ ಉಂಡದ್ದು!"